ಎದ್ದು ಬಂದವನು ಮತ್ತೆ ಹೋದದ್ದು ಯಾಕೆ? ಮಗನಿಗೆ ಏನು ಹೇಳಲಿ?

ಬೆಳಗಿನ ನಕ್ಷತ್ರ (ಚರ್ಚೆ ಶುರು ಮಾಡಿದವರು) · ಏಪ್ರಿಲ್ 12, 2026

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಮಾರ್ಚ್‌ನಲ್ಲಿ ನಮ್ಮ ಅವ್ವ ತೀರಿಕೊಂಡರು. ಈಸ್ಟರ್ ದಿನ ನಸುಕಿನಲ್ಲಿ ಸಭೆಯವರೆಲ್ಲ ಸಮಾಧಿ ತೋಟಕ್ಕೆ ಹೋದೆವು, ನಮ್ಮಲ್ಲಿ ಅದು ಮೊದಲಿನಿಂದ ಬಂದ ರೂಢಿ. ಅವ್ವನ ಸಮಾಧಿಗೆ ಇನ್ನೂ ಕಲ್ಲು ಹಾಕಿಸಿಲ್ಲ. ಮಣ್ಣೇ ಸರಿಯಾಗಿ ಕೂತಿಲ್ಲ. ಅದರ ಮೇಲೆ ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚಿ ನಿಂತೆವು. ಪಾಸ್ಟರ್ "ಕ್ರಿಸ್ತನು ಎದ್ದಿದ್ದಾನೆ" ಅಂದರು. ಎಲ್ಲರೂ "ನಿಜವಾಗಿಯೂ ಎದ್ದಿದ್ದಾನೆ" ಅಂದರು. ನನ್ನ ಬಾಯಿಂದ ಅರ್ಧ ಮಾತಷ್ಟೇ ಹೊರಟಿತು.

ವಾಪಸ್ ಬರುವಾಗ ಸ್ಕೂಟರ್ ಹಿಂದೆ ಕೂತಿದ್ದ ನನ್ನ ಮಗ ಕೇಳಿದ. ಅವನಿಗೆ ಏಳು ವರ್ಷ. "ಅಮ್ಮ, ಯೇಸಪ್ಪ ಎದ್ದು ಬಂದ್ರು. ಆಮೇಲೆ ಎಲ್ಲಿಗೆ ಹೋದ್ರು?" ಪರಲೋಕಕ್ಕೆ ಅಂದೆ. "ಮತ್ತೆ ಹೋಗೋದಾದ್ರೆ ಬಂದಿದ್ದು ಯಾಕೆ? ಹಾಗಾದ್ರೆ ಅಜ್ಜಿ ಥರ ಅವರೂ ಈಗ ಇಲ್ಲ, ಅಲ್ವಾ?"

ಇವನು ಅಜ್ಜಿಯ ಮಡಿಲಲ್ಲೇ ಬೆಳೆದ ಹುಡುಗ. ಅವ್ವನ ಬಲಗೈಯಲ್ಲಿ, ಮಣಿಕಟ್ಟಿನ ಮೇಲೆ, ರೊಟ್ಟಿ ಹಂಚು ತಾಗಿ ಸುಟ್ಟ ಹಳೇ ಗುರುತಿತ್ತು. ಅದನ್ನು ಬೆರಳಲ್ಲಿ ಸವರುತ್ತಾ ಕಥೆ ಕೇಳುತ್ತಿದ್ದ. ಅವನಿಗೆ ಸುಮ್ನೆ ಏನೋ ಒಂದು ಹೇಳಿ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ.

ಶಿಲುಬೆ ಯಾಕೆ ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಆದರೆ "ತಂದೆಯ ಬಲಗಡೆಯಲ್ಲಿ ಕೂತಿದ್ದಾನೆ" ಅಂತ ವಾರ ವಾರ ವಿಶ್ವಾಸ ಪ್ರಮಾಣದಲ್ಲಿ ಹೇಳುವ ಮಾತು ಇದೆಯಲ್ಲ, ಅದರಿಂದ ನನಗೇನು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಗುಡ್ ಫ್ರೈಡೇಗೆ ನಮ್ಮ ಚರ್ಚಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಯೇಸು ಪರಲೋಕಕ್ಕೆ ಏರಿಹೋದದ್ದನ್ನು ನೆನೆಯುವ ಸ್ವರ್ಗಾರೋಹಣದ ಗುರುವಾರ, ಹೋದ ವರ್ಷ, ಕೀಬೋರ್ಡ್ ನುಡಿಸುವವರೂ ಸೇರಿ ಹನ್ನೊಂದು ಜನ ಇದ್ದೆವು. ನಾವೇ ಹೀಗಿದ್ದರೆ ಮಗುವಿಗೆ ಏನು ಹೇಳುವುದು? ಗೊತ್ತಿದ್ದವರು ದಯವಿಟ್ಟು ಹೇಳಿ.

—

ನಿವೃತ್ತ ಮೇಷ್ಟ್ರು

ತಂಗಿ, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ. ಹುಡುಗನ ಪ್ರಶ್ನೆ ಚಿಕ್ಕದಲ್ಲ. ನಾನು ಭಾನುವಾರ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದನ್ನು ಯಾವ ಮಗುವೂ ಕೇಳಿರಲಿಲ್ಲ.

ಯೇಸು ಸಾವಿನಿಂದ ಎಬ್ಬಿಸಿದ ಲಾಜರನಿಂದ ನಾನು ಶುರು ಮಾಡುತ್ತೇನೆ. ಯೋಹಾನ 11 ತೆಗೆಯಿರಿ. ಲಾಜರ ಸಮಾಧಿಯಿಂದ ಹೊರಗೆ ಬಂದಾಗ ಕೈಕಾಲು ಬಟ್ಟೆಯಲ್ಲಿ ಕಟ್ಟಿಕೊಂಡೇ ಬಂದ. ಮುಖಕ್ಕೂ ಬಟ್ಟೆ ಸುತ್ತಿತ್ತು. "ಬಿಚ್ಚಿರಿ" ಅಂತ ಯೇಸು ಬೇರೆಯವರಿಗೆ ಹೇಳಬೇಕಾಯಿತು. ಈಗ ಅದೇ ಪುಸ್ತಕದ 20ನೇ ಅಧ್ಯಾಯ ನೋಡಿ. ಶಿಷ್ಯ ಪೇತ್ರ ಯೇಸುವಿನ ಸಮಾಧಿಯ ಒಳಗೆ ಹೋದಾಗ ನಾರುಬಟ್ಟೆ ಅಲ್ಲೇ ಬಿದ್ದಿದೆ. ತಲೆಗೆ ಸುತ್ತಿದ್ದ ಬಟ್ಟೆ ಬೇರೆ ಕಡೆ ಸುತ್ತಿಟ್ಟಿದೆ. ಯೋಹಾನ ಇಷ್ಟು ಸಣ್ಣ ವಿಷಯವನ್ನು ಯಾಕೆ ಬರೆದ? ಲಾಜರನಿಗೆ ಆ ಬಟ್ಟೆ ಇನ್ನೊಂದು ಸಲ ಬೇಕಾಗುತ್ತದೆ. ಅವನು ಈ ಬದುಕಿಗೇ ವಾಪಸ್ ಬಂದವನು, ಮತ್ತೆ ಸಾಯುವವನು. ಯೇಸುವಿಗೆ ಅದರ ಕೆಲಸ ಮುಗಿದಿದೆ. ಆತ ಸಾವಿನ ಬಾಗಿಲಲ್ಲಿ ಒಳಗೆ ಹೋಗಿ ಅದೇ ಬಾಗಿಲಲ್ಲಿ ವಾಪಸ್ ಬರಲಿಲ್ಲ. ಆ ಕಡೆಯ ಗೋಡೆಯನ್ನೇ ಒಡೆದು ಹೊರಗೆ ಹೋದ. ಹೋಗುವ ಮುಂಚೆ 40 ದಿನ ಶಿಷ್ಯರಿಗೆ ಕಾಣಿಸಿಕೊಂಡು ಧೈರ್ಯ ಹೇಳಿದ.

ಹಾಗಾಗಿ "ಬಂದು ಮತ್ತೆ ಹೋದ" ಅನ್ನುವುದರಲ್ಲೇ ಸ್ವಲ್ಪ ತಪ್ಪಿದೆ ಅಂತ ನನಗನಿಸುತ್ತದೆ. ಎದ್ದದ್ದೂ ಏರಿದ್ದೂ ಒಂದೇ ನಡೆ.

ಇನ್ನೊಂದು. ಲೂಕನ ಸುವಾರ್ತೆಯ ಕೊನೇ ಸಾಲುಗಳನ್ನು ಓದಿ. ಆತ ಕಣ್ಣಿಗೆ ಮರೆಯಾದ ಮೇಲೆ ಶಿಷ್ಯರು ಬಹು ಸಂತೋಷದಿಂದ ಯೆರೂಸಲೇಮಿಗೆ ವಾಪಸ್ ಬಂದರಂತೆ. ಮಗಳನ್ನು ಗಂಡನ ಮನೆಗೆ ಕಳಿಸಿ ಬಸ್ ಸ್ಟ್ಯಾಂಡಿನಿಂದ ಬರುವವರು ಹೇಗೆ ಬರುತ್ತಾರೆ? ಕಣ್ಣು ಒರೆಸಿಕೊಂಡು, ಅಲ್ವಾ? ಇವರು ಖುಷಿಯಾಗಿ ಬಂದಿದ್ದಾರೆ. ಆತ ದೂರ ಹೋದ ಅಂತ ಅವರಿಗೆ ಅನಿಸಿಲ್ಲ. ಆತ ಯೆರೂಸಲೇಮಿನಲ್ಲೇ ಉಳಿದಿದ್ದರೆ ಆತನನ್ನು ನೋಡಲು ಅಲ್ಲಿಗೇ ಹೋಗಬೇಕಿತ್ತು, ಸಾಲಿನಲ್ಲಿ ನಿಲ್ಲಬೇಕಿತ್ತು. ನಸುಕಿನಲ್ಲಿ ನಿಮ್ಮ ಅವ್ವನ ಸಮಾಧಿ ಪಕ್ಕ ನಿಲ್ಲಲು ಆತನಿಗೆ ಆಗುತ್ತಿರಲಿಲ್ಲ.

—

ಕುಡ್ಲದ ಹುಡುಗ

ಅಕ್ಕ, ನಾನು ಕಥೋಲಿಕ, ಮಂಗಳೂರು ಕಡೆಯವನು. ನಮ್ಮ ಊರಿನ ಒಂದು ವಿಷಯ ಹೇಳ್ತೀನಿ, ಮಗುವಿಗೆ ಅರ್ಥ ಆಗಬಹುದು.

ಸೆಪ್ಟೆಂಬರ್ 8ಕ್ಕೆ ನಮಗೆ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ. ತೆನೆ ಹಬ್ಬ ಅಂತಲೂ ಹೇಳ್ತಾರೆ. ಆ ದಿನ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಡ್ತಾರೆ. ಮನೆಗೆ ತಂದು, ದೇವರ ಪೀಠದ ಮುಂದೆ ಪ್ರಾರ್ಥನೆ ಮಾಡಿ, ನಾಲ್ಕೈದು ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಒಂದೊಂದು ಗುಟುಕು ಕುಡಿಯೋದು. ಹೊಸ ಊಟ. ಕೊಂಕಣಿಯಲ್ಲಿ ನೊವೆಂ. ಆ ಹೊತ್ತಿಗೆ ಗದ್ದೆಯಲ್ಲಿ ಮಿಕ್ಕ ಬೆಳೆ ಇನ್ನೂ ನಿಂತೇ ಇರುತ್ತೆ, ಕೊಯ್ಲು ಮುಂದೆ ಇದೆ. ಆದರೆ ತೆನೆ ಮನೆಗೆ ಬಂತು ಅಂದ್ರೆ ಬೆಳೆ ಬಂದ ಹಾಗೇ ಲೆಕ್ಕ.

ಸಂತ ಪೌಲರು 1 ಕೊರಿಂಥ 15ರಲ್ಲಿ ಯೇಸುವನ್ನು ಕರೆಯೋದು ಇದೇ ಮಾತಿನಿಂದ. ಸತ್ತವರಲ್ಲಿ ಪ್ರಥಮ ಫಲ, ಅಂದ್ರೆ ಮೊದಲ ಬೆಳೆ. ಯೆಹೂದ್ಯರಲ್ಲೂ ಪಾಸ್ಖ ಹಬ್ಬದ ವಾರದಲ್ಲಿ, ಸಬ್ಬತ್ತಿನ (ವಿಶ್ರಾಂತಿ ದಿನದ) ಮಾರನೇ ದಿನ ಮೊದಲ ಸಿವುಡನ್ನು ದೇವರ ಮುಂದೆ ಎತ್ತಿ ತೋರಿಸಬೇಕು ಅಂತ ಯಾಜಕಕಾಂಡ 23ರಲ್ಲಿ ಇದೆ. ಪೌಲರ ಮನಸ್ಸಿನಲ್ಲಿ ಅದೇ ಇದ್ದಿರಬೇಕು. ಒಂದು ತೆನೆ ಮೇಲೆ ಎತ್ತಿದ್ದಾರೆ. ಅಜ್ಜಿ ಇನ್ನೂ ಗದ್ದೆಯಲ್ಲಿದ್ದಾರೆ. ಅದೇ ಗದ್ದೆ, ಅದೇ ಬೆಳೆ.

ಇನ್ನೊಂದು ಹೇಳಿ ಮುಗಿಸ್ತೀನಿ. ಈಸ್ಟರ್ ಹಿಂದಿನ ರಾತ್ರಿ ನಾವು ಹಚ್ಚುವ ದೊಡ್ಡ ಪಾಸ್ಖ ಮೇಣದಬತ್ತಿಯ ಮೇಲೆ ಆ ವರ್ಷದ ಅಂಕಿ ಇರುತ್ತೆ, ಶಿಲುಬೆ ಇರುತ್ತೆ. ಆ ಶಿಲುಬೆಗೆ ಐದು ಧೂಪದ ಕಾಳು ಚುಚ್ಚುತ್ತಾರೆ. ಐದು ಗಾಯ. ಗೆದ್ದವನ ದೀಪದಲ್ಲಿ ಗಾಯ ಯಾಕೆ ಇರಬೇಕು ಅಂತ ಚಿಕ್ಕವನಿದ್ದಾಗ ನನಗೆ ಅನಿಸ್ತಿತ್ತು. ಅದೇ ಬತ್ತಿಯನ್ನು ಮಗುವಿನ ದೀಕ್ಷಾಸ್ನಾನಕ್ಕೆ ಹಚ್ತಾರೆ. ಯಾರಾದರೂ ತೀರಿಕೊಂಡರೆ ಪೆಟ್ಟಿಗೆ ಪಕ್ಕದಲ್ಲೂ ಅದನ್ನೇ ಹಚ್ಚಿಡ್ತಾರೆ.

—

ನೆರೆಮನೆಯವ

ನಾನು ಕ್ರೈಸ್ತ ಅಲ್ಲ, ಓದುತ್ತಾ ಇದ್ದೆ. ತಪ್ಪು ತಿಳಿಯಬೇಡಿ. ಆತ್ಮಕ್ಕೆ ಸಾವಿಲ್ಲ ಅಂತ ನಮ್ಮಲ್ಲೂ ಹೇಳುತ್ತಾರೆ. ನೀವು ಹೇಳುವುದೂ ಅದೇನಾ? ಮತ್ತೆ "ಬಲಗಡೆ" ಅಂದರೆ ಆಕಾಶದಲ್ಲಿ ಒಂದು ಜಾಗವಾ?

—

ನಿವೃತ್ತ ಮೇಷ್ಟ್ರು

ತಪ್ಪೇನಿಲ್ಲ ಸರ್, ಕೇಳಿದ್ದು ಒಳ್ಳೆಯದೇ ಆಯಿತು. ನಮ್ಮವರೇ ಎಷ್ಟೋ ಜನ ಹಾಗೆ ಅಂದುಕೊಂಡಿದ್ದಾರೆ.

ಇಲ್ಲ, ಅದೇ ಅಲ್ಲ. ಆತ್ಮ ಸಾಯುವುದಿಲ್ಲ ಅನ್ನುವುದಷ್ಟೇ ಸುದ್ದಿಯಾಗಿದ್ದರೆ ಸಮಾಧಿ ಖಾಲಿ ಆಗಬೇಕಿರಲಿಲ್ಲ. ಆ ಹೆಂಗಸರು ಸುಗಂಧ ತೈಲ ತೆಗೆದುಕೊಂಡು ಬಂದದ್ದು ಒಂದು ದೇಹಕ್ಕೆ ಹಚ್ಚಲು. ಆ ದೇಹವೇ ಎದ್ದಿತು. ಲೂಕ 24ರಲ್ಲಿ ಶಿಷ್ಯರು ಭೂತ ಅಂದುಕೊಂಡು ಹೆದರಿದಾಗ ಆತ "ತಿನ್ನಲು ಏನಾದರೂ ಇದೆಯಾ?" ಅಂತ ಕೇಳಿ, ಸುಟ್ಟ ಮೀನಿನ ತುಂಡನ್ನು ಅವರ ಕಣ್ಣೆದುರೇ ತಿಂದ. ಯೋಹಾನ 21ರಲ್ಲಿ ಕೆರೆಯ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, "ಬನ್ನಿ, ಊಟ ಮಾಡಿ" ಅಂತ ಕರೆದ. ರಾತ್ರಿಯಿಡೀ ಬಲೆ ಬೀಸಿ ದಣಿದವರಿಗೆ ಬೆಳಗಿನ ತಿಂಡಿ. ಈ ದೇಹ, ಈ ಹಸಿವು, ಈ ಮಣ್ಣು ದೇವರಿಗೆ ಬೇಕು. ಅದನ್ನು ಬಿಟ್ಟು ಹೋಗುವುದು ನಮ್ಮ ಬಿಡುಗಡೆ ಅಲ್ಲ.

ಬಲಗಡೆ ಅಂದರೆ ದಿಕ್ಕಲ್ಲ. "ಅವನು ಸಾಹೇಬರ ಬಲಗೈ" ಅಂತ ನಾವೂ ಹೇಳುತ್ತೇವಲ್ಲ. ಕೀರ್ತನೆ 110ರ ಮೊದಲ ವಚನದಲ್ಲಿ ದೇವರು ಒಬ್ಬ ಅರಸನಿಗೆ "ನನ್ನ ಬಲಗಡೆಯಲ್ಲಿ ಕೂತುಕೋ" ಅನ್ನುತ್ತಾನೆ. ಹಳೇ ಒಡಂಬಡಿಕೆಯ ಬೇರೆ ಯಾವ ವಚನವನ್ನೂ ಹೊಸ ಒಡಂಬಡಿಕೆಯವರು ಇಷ್ಟು ಸಲ ಎತ್ತಿ ಹೇಳಿಲ್ಲ. ಅಧಿಕಾರ ಯಾರ ಕೈಯಲ್ಲಿದೆ ಅನ್ನುವ ಮಾತು ಅದು. ನಮ್ಮ ಹಾಗೆ ಹಸಿದ, ಅತ್ತ, ಸತ್ತ ಒಬ್ಬ ಮನುಷ್ಯನ ಕೈಯಲ್ಲಿ ಅದು ಈಗ ಇದೆ ಅಂತ ನಾವು ನಂಬುತ್ತೇವೆ.

—

ಮೌನಿ

ಬೆಳಗಿನ ನಕ್ಷತ್ರ ಸಿಸ್ಟರ್, ನಿಮ್ಮ ಪೋಸ್ಟ್ ನೋಡಿ ತುಂಬ ದಿನ ಆದ ಮೇಲೆ ಬರೀತಿದ್ದೇನೆ. ನನ್ನ ಗಂಡ ಎರಡು ವರ್ಷದ ಹಿಂದೆ ಕ್ಯಾನ್ಸರ್‌ನಿಂದ ಹೋದರು. ನಾವು ಆಗ ಹೋಗುತ್ತಿದ್ದ ಒಂದು ಪ್ರಾರ್ಥನಾ ಗುಂಪಿನವರು "ಯೇಸು ಸಿಂಹಾಸನದ ಮೇಲಿದ್ದಾನೆ, ಕಾಯಿಲೆಗೆ ಜಾಗವೇ ಇಲ್ಲ, ನಂಬಿ" ಅಂದರು. ಮಾತ್ರೆ ಕಮ್ಮಿ ಮಾಡಿ ಅಂತಲೂ ಹೇಳಿದರು. ನಾವು ಮಾಡಲಿಲ್ಲ. ತೀರಿಹೋದ ಮೇಲೆ, ನಿಮ್ಮ ನಂಬಿಕೆ ಸಾಲದಾಯಿತು ಅಂದುಬಿಟ್ಟರು. ಅಲ್ಲಿಂದ "ಸಿಂಹಾಸನ" ಅನ್ನುವ ಮಾತು ಬರುವ ಹಾಡನ್ನೇ ನನಗೆ ಹಾಡಲು ಆಗುತ್ತಿಲ್ಲ. ಆತ ಆಳುತ್ತಿದ್ದರೆ ಇದೆಲ್ಲ ಯಾಕೆ?

—

ರಾತ್ರಿಪಾಳಿ

ಮೌನಿ ಅಕ್ಕ, ನಿಮಗೆ ಹಾಗೆ ಹೇಳಿದ್ದು ತಪ್ಪು. ದೊಡ್ಡ ತಪ್ಪು. ಇದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಗಲ್ಫ್‌ನಲ್ಲಿ ನರ್ಸ್. ನಮಗೆ ಆರಾಧನೆ ಶುಕ್ರವಾರ, ಅವತ್ತೇ ರಜೆ. ಬಹಳ ಸಾವು ನೋಡಿದ್ದೇನೆ. ನಂಬಿಕೆ ಇರುವವರೂ ಸಾಯುತ್ತಾರೆ. ಸಂತರಂಥವರು ನರಳಿ ಸಾಯುವುದನ್ನು ನೋಡಿದ್ದೇನೆ.

ಇಬ್ರಿಯರಿಗೆ ಬರೆದ ಪತ್ರಿಕೆ 2ನೇ ಅಧ್ಯಾಯ, 8 ಮತ್ತು 9ನೇ ವಚನ ನಿಧಾನವಾಗಿ ಓದಿ. ದೇವರು ಎಲ್ಲವನ್ನೂ ಆತನಿಗೆ ಅಧೀನ ಮಾಡಿದ್ದಾನೆ ಅಂತ ಹೇಳಿದವರೇ ಮುಂದಿನ ಮಾತಿನಲ್ಲಿ, ಎಲ್ಲವೂ ಅಧೀನವಾಗಿರುವುದನ್ನು ನಾವು ಈಗ ಇನ್ನೂ ಕಾಣುತ್ತಿಲ್ಲ ಅನ್ನುತ್ತಾರೆ. ಬೈಬಲ್ಲೇ ಒಪ್ಪಿಕೊಂಡಿದೆ ಅಕ್ಕ. ಕಾಣುತ್ತಿಲ್ಲ. ಆದರೆ ಯೇಸುವನ್ನು ಕಾಣುತ್ತೇವೆ ಅಂತ ಆಮೇಲೆ ಬರುತ್ತದೆ. 1 ಕೊರಿಂಥ 15ರಲ್ಲಿ ಪೌಲ ಕಡೇ ಶತ್ರು ಮರಣ ಅನ್ನುತ್ತಾನೆ. ಕಡೇ ಶತ್ರು. ಅಂದರೆ ಇನ್ನೂ ಉಳಿದಿರುವುದು. ನಿಮ್ಮ ಯಜಮಾನರು ಸೋತ ನಂಬಿಕೆಯಿಂದ ಹೋಗಲಿಲ್ಲ. ಆ ಕೊನೇ ಶತ್ರು ಇನ್ನೂ ಓಡಾಡುತ್ತಿರುವ ಕಾಲದಲ್ಲಿ ಹೋದರು.

ಗಾಯದ ಬಗ್ಗೆ ಕುಡ್ಲದ ತಮ್ಮ ಬರೆದದ್ದು ನನ್ನ ಮನಸ್ಸಿನಲ್ಲೇ ಉಳಿದಿದೆ. ದಿನಾ ಡ್ರೆಸಿಂಗ್ ಮಾಡುವವಳು ನಾನು. ಗಾಯ ಒಳಗಿನಿಂದ ಮಾಯುತ್ತಾ ಬರಬೇಕು. ಮೇಲೆ ಮುಚ್ಚಿ ಒಳಗೆ ಕೀವು ಉಳಿದರೆ ಅದು ವಾಸಿ ಅಲ್ಲ. ಪೂರ್ತಿ ವಾಸಿಯಾದ ಮೇಲೂ ಗುರುತು ಉಳಿಯುತ್ತದೆ. ಅದು ಕಾಯಿಲೆ ಅಲ್ಲ, ಮುಟ್ಟಿದರೆ ನೋವಾಗುವುದಿಲ್ಲ. ಎದ್ದು ಬಂದ ಯೇಸು ಶಿಷ್ಯ ತೋಮನಿಗೆ ತೋರಿಸಿದ್ದು ಆ ಗುರುತನ್ನೇ. ಸಾವನ್ನು ಗೆದ್ದ ದೇಹಕ್ಕೆ ಮೊಳೆಯ ಗುರುತು ಅಳಿಸಿಕೊಳ್ಳಲು ಬರುತ್ತಿರಲಿಲ್ಲವೇ? ಇಟ್ಟುಕೊಂಡ. ಅದೇ ಕೈಯನ್ನು ಎತ್ತಿ ಆಶೀರ್ವದಿಸುತ್ತಾ ಮೇಲೆ ಹೋದ. ಈಗಲೂ ಅದೇ ಕೈ.

ರೋಮಾಪುರದವರಿಗೆ ಬರೆದ ಪತ್ರಿಕೆ 8:34ರಲ್ಲಿ ಆತ ಬಲಗಡೆಯಲ್ಲಿದ್ದು ಏನು ಮಾಡುತ್ತಿದ್ದಾನೆ ಅಂತ ಇದೆ. ನಮಗೋಸ್ಕರ ಬೇಡುತ್ತಿದ್ದಾನೆ. ರಾತ್ರಿ ಮೂರು ಗಂಟೆಗೆ ರೋಗಿಯ ಪಕ್ಕ ನಿಂತಾಗ ನನಗೆ ಪ್ರಾರ್ಥನೆಯ ಮಾತು ಬರುವುದಿಲ್ಲ. ಆಗ ಆ ವಚನ ನೆನಪಿಸಿಕೊಳ್ಳುತ್ತೇನೆ. ನಾನು ಸುಮ್ಮನಿದ್ದರೂ ಒಬ್ಬ ಮಾತಾಡುತ್ತಿದ್ದಾನೆ.

ಇನ್ನೊಂದು ಜಾಗ ನನಗೆ ಬಹಳ ಇಷ್ಟ. ಬಹಳ ಕಡೆ ಆತ ಕೂತಿದ್ದಾನೆ ಅಂತ ಇದೆ. ಆದರೆ ಯೇಸುವನ್ನು ನಂಬಿದ ಸ್ತೆಫನನನ್ನು ಕಲ್ಲೆಸೆದು ಕೊಲ್ಲುವ ಹೊತ್ತಿಗೆ, ಅಪೊಸ್ತಲರ ಕೃತ್ಯಗಳು 7:56ರಲ್ಲಿ, ಆತ ನಿಂತಿರುವುದು ಕಾಣುತ್ತದೆ. ತನ್ನವನೊಬ್ಬ ಸಾಯುತ್ತಿದ್ದಾನೆ ಅಂತ ಎದ್ದು ನಿಂತನೇನೋ. ಹಾಗಂತ ಅಲ್ಲಿ ಬರೆದಿಲ್ಲ. ಸಾಯುವವರ ಪಕ್ಕ ನಿಲ್ಲುವವಳಾಗಿ ನಾನು ಹಾಗೆ ಓದಿಕೊಳ್ಳುತ್ತೇನೆ.

—

ಮೌನಿ

ಓದಿದೆ. ಮತ್ತೆ ಓದಿದೆ. ಥ್ಯಾಂಕ್ಸ್ ಸಿಸ್ಟರ್.

—

ಬಯಲುಸೀಮೆ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ನಮ್ಮ ಅಜ್ಜನ ವಿಷಯ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಕೇರಿಯ ಮನೆತನ. ಅಜ್ಜ ಜೀತಕ್ಕಿದ್ದವರು. ಧಣಿಗಳ ಮನೆ ಮುಂದೆ ಅವರು ಯಾವತ್ತೂ ನಿಂತೇ ಮಾತಾಡಬೇಕಿತ್ತು, ತಲೆಯ ಟವೆಲ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು. ಜಗಲಿ ಇತ್ತು, ಕಟ್ಟೆ ಇತ್ತು, ಇವರಿಗಲ್ಲ. ಹೋಟೆಲಿನಲ್ಲಿ ಹೊರಗೆ ನಿಂತು ಬೇರೆ ಲೋಟದಲ್ಲಿ ಚಹಾ. "ಕೂತ್ಕೊ" ಅಂತ ಮನೆಯವರನ್ನು ಬಿಟ್ಟು ಯಾರೂ ತನಗೆ ಹೇಳಿರಲಿಲ್ಲ ಅನ್ನುತ್ತಿದ್ದರು. ಕ್ರಿಸ್ತನನ್ನು ನಂಬಿದ ಮೇಲೂ ನೋವು ಪೂರ್ತಿ ಹೋಗಲಿಲ್ಲ. ಅವರು ಹೋಗುತ್ತಿದ್ದ ಚರ್ಚಿನಲ್ಲೂ ಮುಂದಿನ ಬೆಂಚು ಕೆಲವರಿಗೆ ಮಾತ್ರ. ಇವರು ಹಿಂದೆ, ಬಾಗಿಲ ಹತ್ತಿರ, ನೆಲದ ಮೇಲೆ. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೆ ನಡೆದದ್ದು.

ಅಜ್ಜನಿಗೆ ಓದು ಬರುತ್ತಿರಲಿಲ್ಲ. ರಾತ್ರಿ ನಮ್ಮ ಅಪ್ಪನ ಕೈಲಿ ಸತ್ಯವೇದ ಓದಿಸುತ್ತಿದ್ದರು. ಒಂದು ರಾತ್ರಿ ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯ ಬಂತು. ದೇವರು ನಮ್ಮನ್ನು ಕ್ರಿಸ್ತನ ಜೊತೆ ಬದುಕಿಸಿ, ಆತನ ಜೊತೆ ಎಬ್ಬಿಸಿ, ಪರಲೋಕದಲ್ಲಿ ಆತನ ಜೊತೆ ಕೂರಿಸಿದನು ಅನ್ನುವ ಮಾತು. ಅಜ್ಜ ಅಪ್ಪನನ್ನು ತಡೆದು ಕೇಳಿದರಂತೆ. "ಏನು, ಕೂರಿಸ್ತಾನೆ ಅಂತಿದೆಯಾ, ಕೂರಿಸಿದ ಅಂತಿದೆಯಾ?" ಅಪ್ಪ ಲಾಂದ್ರ ಹತ್ತಿರ ಎಳೆದುಕೊಂಡು ಇನ್ನೊಂದು ಸಲ ನೋಡಿ "ಕೂರಿಸಿದ" ಅಂದರು. "ಸರಿಯಾಗಿ ನೋಡು." "ಕೂರಿಸಿದ ಅಂತಲೇ ಇದೆ ಅಪ್ಪ." ಅಜ್ಜ ತುಂಬ ಹೊತ್ತು ಮಾತಾಡಲಿಲ್ಲ.

ಮುಂದಿನ ಭಾನುವಾರ ಬಿಳೀ ಪಂಚೆ ಉಟ್ಟು ಹೋಗಿ ಮುಂದಿನ ಬೆಂಚಿನಲ್ಲಿ ಕೂತರು. ಯಾರೋ ಬಂದು ಕಿವಿಯಲ್ಲಿ ಏನೋ ಅಂದರಂತೆ. ಅಜ್ಜ ಎದ್ದೇಳಲಿಲ್ಲ. ಅದರ ಮುಂದಿನ ವಾರವೂ ಅಲ್ಲೇ ಕೂತರು. ಸಾಯುವ ತನಕ ಅವರ ಜಾಗ ಅದೇ ಆಗಿತ್ತು.

ಯೇಸುವನ್ನು ದೇವರು ಮೇಲಕ್ಕೇರಿಸಿದ ಅನ್ನುವುದು ನಮ್ಮ ಮನೆಗೆ ಹೀಗೆ ಬಂತು. ಶಿಲುಬೆ ರೋಮಿನವರು ಗುಲಾಮರಿಗೆ, ದಂಗೆ ಎದ್ದವರಿಗೆ ಕೊಡುತ್ತಿದ್ದ ಸಾವು. ಮರಕ್ಕೆ ತೂಗುಹಾಕಿದವನು ಶಾಪಗ್ರಸ್ತ ಅಂತ ಧರ್ಮೋಪದೇಶಕಾಂಡದಲ್ಲೂ ಇತ್ತು. ಸರ್ಕಾರ, ಧರ್ಮ ಎರಡೂ ಸೇರಿ ಇವನು ಏನೂ ಅಲ್ಲ ಅಂತ ತೀರ್ಪು ಕೊಟ್ಟಿದ್ದವು. ಮೂರನೇ ದಿನ ಮೇಲಿನ ಕೋರ್ಟು ಆ ತೀರ್ಪನ್ನು ಹೊಡೆದುಹಾಕಿತು. "ನೀವು ಕೊಂದಿರಿ, ದೇವರು ಎಬ್ಬಿಸಿದನು" ಅಂತ ಪೇತ್ರ ಮತ್ತೆ ಮತ್ತೆ ಹೇಳುವುದು ಇದನ್ನೇ. ಆಮೇಲೆ ಅದೇ ಪೇತ್ರ ಆ ಕೊಂದವರಿಗೇ ಕ್ಷಮೆ ಇದೆ ಅನ್ನುತ್ತಾನೆ. ಅದು ನನಗೆ ಇನ್ನೂ ಕಷ್ಟದ ಪಾಠ. ಕಲಿಯುತ್ತಾ ಇದ್ದೇನೆ.

ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ 2ನೇ ಅಧ್ಯಾಯದ, ಯೇಸು ತಗ್ಗಿ ಏರಿದ್ದನ್ನು ಹೇಳುವ ಹಾಡು ಸಭೆಯವರಿಗೆಲ್ಲ ಗೊತ್ತು. ಪೌಲ ಅದನ್ನು ಬರೆದದ್ದು ಸೆರೆಮನೆಯಿಂದ. ಫಿಲಿಪ್ಪಿ ರೋಮಿನ ವಸಾಹತು, ನಿವೃತ್ತ ಸೈನಿಕರಿಗೆ ಜಮೀನು ಕೊಟ್ಟು ನೆಲೆ ಮಾಡಿಸಿದ ಊರು. ರೋಮಿನ ಚಕ್ರವರ್ತಿ ಔಗುಸ್ತನ ನಾಣ್ಯದ ಮೇಲೆ ಅವನನ್ನು ದೇವರ ಮಗ ಅಂತ ಅಚ್ಚು ಹಾಕಿಸಿದ್ದರು. ಅಂಥ ಕಡೆ ಕೂತು ಆಳಿನ ರೂಪ ತೆಗೆದುಕೊಂಡವನೇ ಕರ್ತನು, ಎಲ್ಲ ಮೊಣಕಾಲೂ ಆತನಿಗೆ ಬಾಗಬೇಕು ಅಂತ ಹಾಡುವುದು ಸಣ್ಣ ಧೈರ್ಯ ಅಲ್ಲ. ಆ ಹಾಡಿನ ನಡುವೆ "ಆದದರಿಂದ" ಅಂತ ಒಂದು ಮಾತಿದೆ. ತನ್ನನ್ನು ತಗ್ಗಿಸಿಕೊಂಡ, ಆದದರಿಂದ ದೇವರು ಏರಿಸಿದ. ಏರಿಸಿದ್ದನ್ನು ಮಾತ್ರ ಹಿಡಿದುಕೊಂಡು ಸಭೆಯಲ್ಲಿ ಇನ್ನೊಬ್ಬರ ತಲೆ ಮೇಲೆ ಕೂರುವವರು ಆ "ಆದದರಿಂದ"ವನ್ನು ಓದಿಲ್ಲ ಅಂತ ನಾನು ಹೇಳುತ್ತೇನೆ. ಸಿಟ್ಟಿನಿಂದ ಹೇಳುತ್ತಿಲ್ಲ. ನೋಡಿ ನೋಡಿ ಹೇಳುತ್ತಿದ್ದೇನೆ.

—

ಕುಡ್ಲದ ಹುಡುಗ

ಬಯಲುಸೀಮೆ ಅಣ್ಣ, "ಕೂರಿಸಿದ ಅಂತಿದೆಯಾ?" ಅನ್ನೋದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಪಪ್ಪ ಅತ್ತರು.

—

ನೆರೆಮನೆಯವ

ಉತ್ತರಕ್ಕೆ ಧನ್ಯವಾದ ಮೇಷ್ಟ್ರೇ. ಮೀನು ಸುಟ್ಟು ಕರೆದ ಭಾಗ ಹುಡುಕಿ ಓದಿದೆ. ಅಜ್ಜನ ಕಥೆ ಓದಿದ ಮೇಲೆ ನಮ್ಮ ಮನೆಯಲ್ಲಿ ಯಾರು ಜಗಲಿಯ ಕೆಳಗೆ ನಿಲ್ಲುತ್ತಿದ್ದರು ಅಂತ ನೆನಪಾಯಿತು. ಇವತ್ತು ಇಷ್ಟೇ ಬರೆಯುತ್ತೇನೆ.

—

ಬೆಳಗಿನ ನಕ್ಷತ್ರ · ಏಪ್ರಿಲ್ 19

ಎಲ್ಲರಿಗೂ ಹೃದಯದಿಂದ ವಂದನೆ. ಒಂದು ವಾರ ಇದನ್ನೇ ಓದುತ್ತಾ ಇದ್ದೆ.

ನಿನ್ನೆ ರಾತ್ರಿ ಮಗನಿಗೆ ಹೇಳಿದೆ. ಮೊದಲು ತೆನೆ ಕಥೆ. ಅದು ಅವನಿಗೆ ತಕ್ಷಣ ಹಿಡಿಯಿತು. "ಹಾಗಾದ್ರೆ ಅಜ್ಜಿ ಎರಡನೇ ತೆನೆನಾ?" ಅಂತ ಕೇಳಿದ. ಎರಡನೆಯದೋ ಎಷ್ಟನೆಯದೋ, ಅದೇ ಹೊಲದ್ದು ಅಂದೆ. ಆಮೇಲೆ ಯೇಸಪ್ಪ ದೂರ ಹೋಗಿಲ್ಲ, ನಮ್ಮ ಪರವಾಗಿ ತಂದೆಯ ಹತ್ತಿರ ಮಾತಾಡುತ್ತಿದ್ದಾನೆ, ಅಜ್ಜಿಯನ್ನೂ ಹೆಸರು ಹಿಡಿದು ಬಲ್ಲ ಅಂದೆ. ತೋಟದಲ್ಲಿ ಮಗ್ದಲದ ಮರಿಯಳು ಆತನನ್ನು ಮಾಲಿ ಅಂದುಕೊಂಡಿದ್ದು, "ಮರಿಯಳೇ" ಅಂತ ಕರೆದ ಕೂಡಲೇ ಗುರುತು ಹಿಡಿದದ್ದು, ಅದನ್ನೂ ಹೇಳಿದೆ.

ಗಾಯದ ಮಾತು ಬಂದಾಗ ಅವನು ಎದ್ದು ಕೂತ. ಮೊಳೆಯ ಗುರುತು ಈಗಲೂ ಇದೆಯಾ? ಇದೆ. ನೋಯುತ್ತಾ? ಇಲ್ಲ, ನೋಯಲ್ಲ, ಒಬ್ಬರು ನರ್ಸ್ ಆಂಟಿ ಹೇಳಿದ್ದಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಮಣಿಕಟ್ಟು ಸವರಿಕೊಂಡ. "ಹಾಗಾದ್ರೆ ಅಜ್ಜಿ ಎದ್ದಾಗ ಅವರ ಹಂಚಿನ ಗುರುತೂ ಇರುತ್ತಾ? ಇಲ್ಲದಿದ್ರೆ ನಾನು ಹೇಗೆ ಗುರುತು ಹಿಡೀಲಿ?"

ಇರಲಿ ಅಂತ ನನಗೂ ಆಸೆ ಕಣೋ ಅಂದೆ.

ಈ ವರ್ಷ ಸ್ವರ್ಗಾರೋಹಣದ ಗುರುವಾರ ಮೇ 14. ನಮ್ಮಲ್ಲಿ ಆರಾಧನೆ ಸಂಜೆ ಆರೂವರೆಗೆ. ಅವನೂ ಬರುತ್ತಾನಂತೆ, ಶಾಲೆಗೆ ಹೇಗೂ ರಜೆ. ಹತ್ತಿರ ಇರುವವರು ಬನ್ನಿ. ಮೌನಿ ಸಿಸ್ಟರ್, ನೀವು ಯಾವ ಊರಲ್ಲಿದ್ದೀರಿ?

—

ಮೌನಿ

ಹುಬ್ಬಳ್ಳಿ.

—

ಬೆಳಗಿನ ನಕ್ಷತ್ರ

ನಾವು ಧಾರವಾಡ. ಬಸ್ಸಿಗೆ ಮುಕ್ಕಾಲು ಗಂಟೆ ಸಾಕು. ಮೆಸೇಜ್ ಮಾಡುತ್ತೇನೆ, ರಾತ್ರಿ ಊಟ ನಮ್ಮಲ್ಲೇ ಮಾಡಿಕೊಂಡು ಹೋಗಿ.